ನಮ್ಮ ಮೇಷ್ಟ್ರು ಸೈಲೆಂಟ್ ಕೀ ಆದರು: ನೆನಪುಗಳು, ಆಗಬೇಕಾದ ಕೆಲಸಗಳು

ಬೆಳಗಿನ ನೆಟ್:
ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್‌ನ ಎಲ್ಲರಿಗೂ ನಮಸ್ಕಾರ. ಸುಮಾರು ಜನಕ್ಕೆ ವಿಷಯ ಆಗಲೇ ಗೊತ್ತಾಗಿದೆ. ಆದರೂ ಈಚೆಗೆ ಏರ್ ಮೇಲೆ ಬರದವರು, ದೂರದ ಊರಲ್ಲಿರುವವರು ಇದ್ದೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮೇಷ್ಟ್ರು ಹೋದರು, ಹ್ಯಾಮ್‌ಗಳ ಮಾತಲ್ಲಿ ಸೈಲೆಂಟ್ ಕೀ ಆದರು. ಕಳೆದ ವಾರ, ರಾತ್ರಿ ನಿದ್ದೆಯಲ್ಲೇ. ಹಿಂದಿನ ದಿನ ಬೆಳಿಗ್ಗೆ ನೆಟ್‌ಗೆ, ಅಂದರೆ ನಾವೆಲ್ಲ ದಿನಾ ಏರ್ ಮೇಲೆ ಸೇರುವ ಕೂಟಕ್ಕೆ, ಚೆಕ್ ಇನ್ ಆಗಿದ್ದರು. ಸಿಗ್ನಲ್ ಎಂದಿನಂತೆ ಐದು ಒಂಬತ್ತು, ಅಂದರೆ ಸ್ಪಷ್ಟ, ಜೋರು. ದನಿಯಲ್ಲೂ ಏನೂ ಬೇರೆ ಅನ್ನಿಸಲಿಲ್ಲ.

ಮನೆಯವರ ಇಷ್ಟದಂತೆ ಅವರ ಹೆಸರು, ಕಾಲ್‌ಸೈನ್ (ಏರ್ ಮೇಲಿನ ಗುರುತು), ವಿಳಾಸ, ಫೋನ್ ನಂಬರ್ ಯಾವುದನ್ನೂ ಇಲ್ಲಿ ಹಾಕುತ್ತಿಲ್ಲ. ನೀವೂ ಹಾಕಬೇಡಿ. ಗೊತ್ತಿರುವವರಿಗೆ ಗೊತ್ತು. ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಆ ಮನೆಯವರನ್ನು ಸುಸ್ತು ಮಾಡುವುದು ಬೇಡ. ಹೇಳಬೇಕಾದ್ದನ್ನು ಇಲ್ಲಿ ಬರೆಯಿರಿ, ನಾನು ಒಟ್ಟು ಮಾಡಿ ಅವರಿಗೆ ತಲುಪಿಸುತ್ತೇನೆ.

ನನಗೆ ಹೇಳಲಿಕ್ಕಿರುವುದು ಒಂದೇ. ಮೇಷ್ಟ್ರು ದೂರದ ದೇಶಗಳನ್ನು ಹಿಡಿಯುವ ದೊಡ್ಡ ಡಿಎಕ್ಸರ್ ಅಲ್ಲ, ಕಾಂಟೆಸ್ಟ್ ಗೆದ್ದವರಲ್ಲ. ನೆಟ್ ಮುಗಿದ ಮೇಲೆ ಎಲ್ಲರೂ ರಿಗ್ (ರೇಡಿಯೋ ಸೆಟ್) ಆರಿಸಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ನಾಲ್ಕೈದು ಕಿಲೋಹರ್ಟ್ಸ್ ಆಚೆ ಹೋಗಿ ನಿಧಾನಕ್ಕೆ ಮೋರ್ಸ್‌ನಲ್ಲಿ ಸಿಕ್ಯೂ (ಯಾರಾದರೂ ಉತ್ತರ ಕೊಡಿ ಅನ್ನುವ ಕರೆ) ಕರೆಯುತ್ತಿದ್ದರು. ಯಾರಾದರೂ ಹೊಸಬರು ಕಾಯುತ್ತಿರಬಹುದು ಅಂತ. ಯಾರೂ ಬರದ ದಿನಗಳೂ ಇದ್ದವು. ಆದರೂ ಮಾರನೇ ದಿನ ಮತ್ತೆ ಕರೆಯುತ್ತಿದ್ದರು. ನಮ್ಮಲ್ಲಿ ಇವತ್ತು ಮೋರ್ಸ್ ಕೀ ಹಿಡಿಯುವ ಎಷ್ಟೋ ಜನರ ಮೊದಲ ಕ್ಯೂಎಸ್‌ಓ (ಏರ್ ಮೇಲಿನ ಮಾತುಕತೆ) ಅವರ ಜೊತೆಗೇ ಆಗಿದೆ. ಈ ಕೆಲಸ ನಿಲ್ಲಬಾರದು ಅನ್ನುವುದು ನನ್ನ ಆಸೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ನೆನಪುಗಳು ಬರಲಿ.

ಡಿಟ್‌ಡಾ:
ಕೈ ಓಡುತ್ತಿಲ್ಲ ಸರ್, ಆದರೂ ಬರೆಯುತ್ತೇನೆ.

ನಾನು ಮೋರ್ಸ್ ಕಲಿಯಲು ಹೋದಾಗ ಚುಕ್ಕಿ, ಗೆರೆಯ ಪಟ್ಟಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದೆ. ಮೇಷ್ಟ್ರು ಆ ಪುಸ್ತಕ ಮುಚ್ಚಿ ಪಕ್ಕಕ್ಕೆ ಇಟ್ಟರು. "ಇದು ಕಣ್ಣಿನ ಪಾಠ ಅಲ್ಲಪ್ಪ, ಕಿವಿಯದು" ಅಂದರು. ಮೊದಲ ದಿನ ಎರಡೇ ಅಕ್ಷರ, ಕೆ ಮತ್ತು ಎಂ. ಡಾಡಿಡಾ, ಡಾಡಾ (ಡಿ ಅಂದರೆ ಚುಕ್ಕಿ, ಡಾ ಅಂದರೆ ಗೆರೆ). ಅಷ್ಟೇ. ಅಕ್ಷರವನ್ನು ವೇಗವಾಗಿಯೇ ಬಡಿಯುತ್ತಿದ್ದರು, ಆದರೆ ಎರಡು ಅಕ್ಷರದ ನಡುವೆ ತುಂಬಾ ಜಾಗ ಬಿಡುತ್ತಿದ್ದರು. ಅಕ್ಷರವನ್ನೇ ಎಳೆದು ಎಳೆದು ನಿಧಾನ ಮಾಡಿದರೆ ನಾವು ಎಣಿಸಲು ಶುರು ಮಾಡುತ್ತೇವೆ, ಎಣಿಸುವ ಅಭ್ಯಾಸ ಒಮ್ಮೆ ಬಂದರೆ ವೇಗ ಮೇಲೇರುವುದೇ ಇಲ್ಲ ಅನ್ನುತ್ತಿದ್ದರು. 1930ರ ದಶಕದಲ್ಲಿ ಲುಡ್ವಿಗ್ ಕಾಖ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಹೀಗೆ ಎರಡೇ ಅಕ್ಷರದಿಂದ ಶುರು ಮಾಡುವ ಕ್ರಮ ತೋರಿಸಿದ್ದು ಅಂತ ಆಮೇಲೆ ಓದಿ ತಿಳಿದೆ. ಹತ್ತರಲ್ಲಿ ಒಂಬತ್ತು ಸರಿ ಬಂದರೆ ಮಾತ್ರ ಇನ್ನೊಂದು ಅಕ್ಷರ. ಮೇಷ್ಟ್ರು ಈ ಹೆಸರು ಗಿಸರು ಏನೂ ಹೇಳುತ್ತಿರಲಿಲ್ಲ, ಸುಮ್ನೆ ಹಾಗೆ ಕಲಿಸುತ್ತಿದ್ದರು.

ಇನ್ನೊಂದು ವಿಷಯ. ಕ್ಯೂಆರ್‌ಎಸ್ (ನಿಧಾನ ಮಾಡಿ) ಅಂತ ನಾವು ಕೇಳಿಕೊಳ್ಳುವ ಮೊದಲೇ ಅವರು ವೇಗ ಇಳಿಸಿಬಿಡುತ್ತಿದ್ದರು. ನಮ್ಮ ಮೊದಲ ಎರಡು ಅಕ್ಷರ ಕೇಳಿದರೆ ಸಾಕು, ಅದಕ್ಕೆ ತಕ್ಕ ವೇಗಕ್ಕೆ ಬರುತ್ತಿದ್ದರು. ನಮಗಿಂತ ನಿಮಿಷಕ್ಕೆ ಒಂದು ಪದ ಕಡಿಮೆ ವೇಗದಲ್ಲೇ ಉತ್ತರ ಬರುತ್ತಿತ್ತು. ಇಪ್ಪತ್ತೈದು, ಮೂವತ್ತು ಪದದ ವೇಗದಲ್ಲಿ ಆರಾಮಾಗಿ ಮಾತಾಡುವ ಮನುಷ್ಯ ಐದು ಪದಕ್ಕೆ ಇಳಿದು, ಅಷ್ಟು ನೀಟಾಗಿ ಬಡಿಯುವುದು ಎಷ್ಟು ಕಷ್ಟ ಅಂತ ಕೀ ಹಿಡಿದವರಿಗೆ ಗೊತ್ತು.

ನಲವತ್ತು ಮೀಟರ್:
ಓಂ ಶಾಂತಿ. ಅವರ ಫಿಸ್ಟ್, ಅಂದರೆ ಕೀ ಬಡಿಯುವ ಶೈಲಿ, ನೆನಪಾಗುತ್ತದೆ. ಕಾಲ್‌ಸೈನ್ ಬರುವ ಮೊದಲೇ ಇದು ಮೇಷ್ಟ್ರು ಅಂತ ಗೊತ್ತಾಗಿಬಿಡುತ್ತಿತ್ತು. ಕೊನೇ ಡಾ ಒಂದು ಕೂದಲೆಳೆಯಷ್ಟು ಉದ್ದ. ಎಲೆಕ್ಟ್ರಾನಿಕ್ ಕೀಯರ್ ಇದ್ದರೂ ಕೈಯಲ್ಲಿ ಒತ್ತುವ ಸ್ಟ್ರೇಟ್ ಕೀ ಬಿಡಲೇ ಇಲ್ಲ.

ಹೊಸ ವಿಯು3:
ನಾನು ಅವರನ್ನು ನೋಡಿಯೇ ಇಲ್ಲ. ಫೋಟೋದಲ್ಲಿ ಕೂಡ ನೋಡಿಲ್ಲ. ಹೋದ ವರ್ಷ ರಿಸ್ಟ್ರಿಕ್ಟೆಡ್ ಗ್ರೇಡ್ (ವಿಯು3) ಲೈಸೆನ್ಸ್ ಬಂತು, ಈಗ ಜನರಲ್ ಗ್ರೇಡ್‌ಗೆ ಮೋರ್ಸ್ ಕಲಿಯುತ್ತಿದ್ದೇನೆ. ಬೆಳಿಗ್ಗೆ ಬ್ಯಾಂಡ್ ಮೇಲೆ ಸುಮ್ನೆ ಕೇಳುತ್ತಾ ಕೂರುವವನು ನಾನು. ಅವರು ನಿಧಾನಕ್ಕೆ ಬಡಿಯುತ್ತಿದ್ದದ್ದನ್ನು ಬರೆದುಕೊಂಡು ಅಭ್ಯಾಸ ಮಾಡುತ್ತಿದ್ದೆ. ಅವರಿಗೆ ಇದು ಗೊತ್ತೇ ಇರಲಿಲ್ಲ. ನಾನು ಒಂದು ದಿನವೂ ಉತ್ತರ ಕೊಟ್ಟಿಲ್ಲ. ಸುದ್ದಿ ಕೇಳಿದಾಗಿನಿಂದ ಯಾಕೋ ಮನಸ್ಸು ಸರಿ ಇಲ್ಲ. ಮನೆಯಲ್ಲಿ ಹೇಳಿದರೆ "ಗೊತ್ತಿಲ್ಲದವರಿಗೆ ಇಷ್ಟು ಯಾಕೆ" ಅಂತಾರೆ. ಇಲ್ಲಿ ಬರೆಯುವುದು ಸರಿಯೋ ಇಲ್ಲವೋ, ಆದರೂ ಬರೆದೆ.

ಬೆಳಗಿನ ನೆಟ್:
ಸರಿಯೇ ತಮ್ಮಾ. ನಿಮ್ಮಂಥವರಿಗಾಗಿಯೇ ಅವರು ಕರೆಯುತ್ತಿದ್ದದ್ದು. ಉತ್ತರ ಬರದ ದಿನ ಕೂಡ "ಯಾರೋ ಕೇಳುತ್ತಿರುತ್ತಾರೆ ಬಿಡಿ" ಅನ್ನುತ್ತಿದ್ದರು. ನಾವು ಅದನ್ನು ಸಮಾಧಾನದ ಮಾತು ಅಂದುಕೊಂಡಿದ್ದೆವು. ನೀವು ನಿಜಕ್ಕೂ ಕೇಳುತ್ತಿದ್ದಿರಿ. ಇದನ್ನು ಅವರ ಮನೆಯವರಿಗೆ ಖಂಡಿತ ಹೇಳುತ್ತೇನೆ.

ತಾಮ್ರದ ತಂತಿ:
ನನಗೆ ನೆನಪಾಗುವುದು ಅವರ ಕೈ. ನನ್ನ ಮೊದಲ ಡೈಪೋಲ್ (ತಂತಿಯ ಆಂಟೆನಾ) ಕಟ್ಟಲು ಬಂದಿದ್ದರು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸು, ಮೀಟರ್‌ನಲ್ಲಿ ಉದ್ದ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ಕಡೆಗೆ ಹತ್ತತ್ತು. ನಾನು ಸರಿಯಾಗಿ ಹತ್ತು ಮೀಟರ್ ಅಳೆದು ಕಟಿಂಗ್ ಪ್ಲೇಯರ್ ಇಟ್ಟೆ. ಮೇಷ್ಟ್ರು ಕೈ ಹಿಡಿದುಕೊಂಡರು. ಒಂದೊಂದು ಕಡೆಗೂ ಅರ್ಧ ಮೀಟರ್ ಜಾಸ್ತಿ ಬಿಡಿಸಿದರು. ಮೇಲೆ ಎತ್ತಿ ಮೀಟರ್ ಹಾಕಿದರೆ 6.8ರ ಹತ್ತಿರ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಲ್ಲ ಅನ್ನುವ ಅಳತೆ) ಕಡಿಮೆ ತೋರಿಸಿತು. ಉದ್ದ ಜಾಸ್ತಿ ಅಂತ ಅರ್ಥ, ಅಲ್ವಾ. ಇಳಿಸಿದರು. ಆಗಲೂ ಕತ್ತರಿಸಲಿಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿದರು. ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ನಾನು ಸುಸ್ತಾದೆ, ಅವರು ಆಗಲಿಲ್ಲ. ಕೊನೆಗೆ 7.05ಕ್ಕೆ ಬಂದು ನಿಂತಿತು.

ಆಮೇಲೆ ಕೋಆಕ್ಸ್ ಕೇಬಲ್ ತುದಿಗೆ ಟೇಪ್ ಸುತ್ತಿದ ರೀತಿ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಪದರದ ಅಂಚು ಕೆಳಮುಖ ಆಗಿ ಮಳೆನೀರು ಜಾರಿ ಹೋಗುತ್ತದೆ. ಕೋಆಕ್ಸ್ ಮನೆಯೊಳಗೆ ಬರುವ ಮೊದಲು ಕೆಳಗೆ ಬಾಗಿ ಮತ್ತೆ ಮೇಲೆ ಬರುವಂತೆ ಒಂದು ಲೂಪ್ ಬಿಟ್ಟರು. ನೀರು ಅಲ್ಲೇ ತೊಟ್ಟಿಕ್ಕಲಿ, ಒಳಗೆ ಬರದಿರಲಿ ಅಂತ. ಎಷ್ಟು ಮಳೆಗಾಲ ಕಳೆಯಿತೋ, ಆ ಜೋಡಣೆ ಹಾಗೇ ಇದೆ. ಇವತ್ತು ಬೆಳಿಗ್ಗೆ ಮೇಲೆ ಹತ್ತಿ ನೋಡಿ ಬಂದೆ. ಆ ಮಡಚಿದ ತುದಿಯೂ ಹಾಗೇ ಇದೆ.

ಇಪ್ಪತ್ತು ಮೀಟರ್:
2004ರ ಡಿಸೆಂಬರ್ ಬಗ್ಗೆ ಹೊಸಬರಿಗೆ ಹೇಳಬೇಕು. ಸುನಾಮಿಗೆ ಮೊದಲೇ ಭಾರತಿ ಪ್ರಸಾದ್ ಮೇಡಂ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನ್‌ನಿಂದ ಹ್ಯಾಮ್ ಆಪರೇಷನ್‌ಗೆ ಬಹಳ ವರ್ಷಗಳ ಮೇಲೆ ಅನುಮತಿ ಸಿಕ್ಕಿತ್ತು, ಅಲ್ಲಿನ ಕಾಲ್‌ಸೈನ್ ವಿಯು4 ಅಂದರೆ ಪ್ರಪಂಚದ ಡಿಎಕ್ಸರ್‌ಗಳೆಲ್ಲ ಮುಗಿಬಿದ್ದಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಎಲ್ಲವೂ ಬದಲಾಯಿತು. ಫೋನ್ ಇಲ್ಲ, ಕರೆಂಟ್ ಇಲ್ಲ. ಮಾತಾಡಿದ್ದಕ್ಕೆ ಗುರುತಿನ ಕಾರ್ಡಿಗಾಗಿ ನಡೆಯುತ್ತಿದ್ದ ಸ್ಟೇಷನ್ ಜನರ ಕ್ಷೇಮ ಸಮಾಚಾರ ತಲುಪಿಸುವ ಸ್ಟೇಷನ್ ಆಯಿತು. ದ್ವೀಪದಲ್ಲಿರುವವರು ಬದುಕಿದ್ದಾರಾ ಅಂತ ಇಲ್ಲಿ ಕಾಯುತ್ತಿದ್ದ ಮನೆಗಳಿಗೆ ಹ್ಯಾಮ್‌ಗಳ ಮೂಲಕ ಸುದ್ದಿ ಹೋಯಿತು.

ಆವತ್ತು ನಾನು ಮೇಷ್ಟ್ರ ಶ್ಯಾಕ್‌ನಲ್ಲಿ (ರೇಡಿಯೋ ಕೋಣೆಯಲ್ಲಿ) ಇದ್ದೆ. ಕೈಯಲ್ಲಿ ಪೆನ್ಸಿಲ್, ಕಿವಿಗೆ ಹೆಡ್‌ಫೋನ್. ಕೇಳಿದ್ದನ್ನೆಲ್ಲ ಬರೆಯುತ್ತಿದ್ದರು. ಮೈಕ್ ಮುಟ್ಟಲಿಲ್ಲ. ನಾನು ತಡೆಯಲಾರದೆ "ನಾವೂ ಕರೆಯೋಣ ಸರ್, ಏನಾದರೂ ಬೇಕಾ ಅಂತ ಕೇಳೋಣ" ಅಂದೆ. "ಎಲ್ಲರೂ ಕೇಳಿದರೆ ಅವರು ಕೆಲಸ ಮಾಡುವುದು ಯಾವಾಗ?" ಅಂದರು. ಫ್ರೀಕ್ವೆನ್ಸಿ ಖಾಲಿ ಬಿಡುವುದೇ ಆ ಹೊತ್ತಿನ ಸಹಾಯ. ಯಾರಾದರೂ ನಮ್ಮ ಕಡೆಯ ಸ್ಟೇಷನ್ ಬೇಕು ಅಂತ ಕರೆದರೆ ತಕ್ಷಣ ಸಿಗಬೇಕು, ಅದಕ್ಕೆ ಎದ್ದು ಹೋಗುವ ಹಾಗೂ ಇಲ್ಲ. ಆ ದಿನ ಬಹಳ ಹೊತ್ತಿನ ಮೇಲೆ ಒಂದು ಸಂದೇಶಕ್ಕೆ ರಿಲೇ ಬೇಕಾಯಿತು. ಎರಡು ವಾಕ್ಯ. ಮೇಷ್ಟ್ರು ತೆಗೆದುಕೊಂಡರು, ಓದಿ ಖಚಿತ ಮಾಡಿಕೊಂಡರು, ಫೋನ್ ಮಾಡಿ ಆ ಮನೆಗೆ ತಿಳಿಸಿದರು. ಮತ್ತೆ ಬಂದು ಕೂತರು. ಎಮರ್ಜೆನ್ಸಿ ಟ್ರಾಫಿಕ್ ಅಂದರೆ ಏನು ಅಂತ ನನಗೆ ಯಾವ ಪರೀಕ್ಷೆಯ ಪುಸ್ತಕಕ್ಕಿಂತ ಜಾಸ್ತಿ ಅವತ್ತು ಗೊತ್ತಾಯಿತು.

ಟೆರೇಸ್ ಸ್ಟೇಷನ್:
ಹ್ಯಾಮ್‌ಗಳಿಗೆಂದೇ ಕಳಿಸಿದ ಉಪಗ್ರಹ ಹ್ಯಾಮ್‌ಸ್ಯಾಟ್‌ನ ದಿನಗಳು! 2005ರ ಮೇ 5ಕ್ಕೆ ಪಿಎಸ್‌ಎಲ್‌ವಿ ಸಿ6ರಲ್ಲಿ ಕಾರ್ಟೋಸ್ಯಾಟ್ 1ರ ಜೊತೆ ಹೋಗಿತ್ತಲ್ಲ. ಅದರಲ್ಲಿ ಎರಡು ಟ್ರಾನ್ಸ್‌ಪಾಂಡರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸಾಧನ), ಒಂದು ನಮ್ಮವರದು, ಇನ್ನೊಂದು ಒಬ್ಬ ಡಚ್ ವಿದ್ಯಾರ್ಥಿ ಮಾಡಿದ್ದು. ಮೇಷ್ಟ್ರು ಇದನ್ನು ಮಕ್ಕಳಿಗೆ ಎಷ್ಟು ಖುಷಿಯಿಂದ ಹೇಳುತ್ತಿದ್ದರು ಅಂದರೆ, ತಾನೇ ಮಾಡಿ ಕಳಿಸಿದ ಹಾಗೆ. ಅಳತೆ ಟೇಪ್ ಕತ್ತರಿಸಿ, ಪಿವಿಸಿ ಪೈಪಿಗೆ ಕಟ್ಟಿ ಯಾಗಿ ಆಂಟೆನಾ ಮಾಡಿದ್ದರು. ಶಾಲೆ ಮಕ್ಕಳನ್ನು ಟೆರೇಸ್ ಮೇಲೆ ನಿಲ್ಲಿಸಿ, ಒಬ್ಬರ ಕೈಗೆ ಆಂಟೆನಾ, ಒಬ್ಬರ ಕೈಗೆ ಗಡಿಯಾರ, ಒಬ್ಬರಿಗೆ ದಿಕ್ಸೂಚಿ. ಉಪಗ್ರಹ ಬಂದು ಹೋಗುವುದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಹತ್ತಿರ ಬರುವಾಗ ಸ್ವರ ಮೇಲೆ, ದೂರ ಹೋಗುವಾಗ ಕೆಳಗೆ. ಡಾಪ್ಲರ್ ಪರಿಣಾಮವನ್ನು ಆ ಮಕ್ಕಳು ಬೋರ್ಡ್ ಮೇಲೆ ಕಲಿಯಲಿಲ್ಲ, ಕಿವಿಯಲ್ಲಿ ಕೇಳಿದರು. 2014ರ ಜುಲೈನಲ್ಲಿ ಬ್ಯಾಟರಿ ಕೈಕೊಟ್ಟು ಹ್ಯಾಮ್‌ಸ್ಯಾಟ್ ನಿಂತಾಗ ನನಗೆ ಫೋನ್ ಮಾಡಿದ್ದರು. "ಎರಡು ವರ್ಷ ಅಂತ ಕಳಿಸಿದ್ದು, ಒಂಬತ್ತು ವರ್ಷ ನಡೆಯಿತು ನೋಡು" ಅಂತ.

ಆವತ್ತು ದಿಕ್ಸೂಚಿ ಹಿಡಿದಿದ್ದ ಹುಡುಗಿ ಈಗ ನಮ್ಮ ಕ್ಲಬ್‌ನಲ್ಲೇ ಇದ್ದಾಳೆ. ಅವಳೂ ಇದನ್ನು ಓದುತ್ತಿರುತ್ತಾಳೆ.

ವಾಲ್ವ್ ಪ್ರೇಮಿ:
ತುಂಬಾ ಬೇಸರದ ಸುದ್ದಿ. ಇದನ್ನು ಈಗ ಕೇಳುತ್ತಿದ್ದೇನೆ ಅಂತ ಯಾರೂ ಬೇಸರ ಮಾಡಿಕೊಳ್ಳಬೇಡಿ, ಅವರ ಹಳೇ ರಿಗ್ ಮತ್ತು ಲೀನಿಯರ್ (ಸಿಗ್ನಲ್ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್) ಮನೆಯವರು ಕೊಡುವುದಾದರೆ ನಾನು ತೆಗೆದುಕೊಳ್ಳಲು ತಯಾರಿದ್ದೇನೆ. ಗುಜರಿಗೆ ಹೋಗುವುದಕ್ಕಿಂತ ಬಳಸುವವರ ಕೈಗೆ ಹೋಗಲಿ ಅಂತ. ಯಾರನ್ನು ಕೇಳಬೇಕು?

ನಲವತ್ತು ಮೀಟರ್:
ಇನ್ನೂ ಒಂದು ವಾರ ಆಗಿಲ್ಲ ಸ್ವಾಮಿ.

ಬೆಳಗಿನ ನೆಟ್:
ಜಗಳ ಬೇಡ. ಕೇಳಿದ್ದರಲ್ಲಿ ಕೆಟ್ಟ ಉದ್ದೇಶ ಇಲ್ಲ, ಗುಜರಿಗೆ ಹೋದ ಒಳ್ಳೆಯ ಸ್ಟೇಷನ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಈಗ ಯಾರೂ ಮನೆಯವರನ್ನು ನೇರವಾಗಿ ಕೇಳಬೇಡಿ. ಅವರಿಗೆ ಯಾವುದು ರಿಗ್, ಯಾವುದು ಪವರ್ ಸಪ್ಲೈ ಅಂತಲೂ ಗೊತ್ತಿರುವುದಿಲ್ಲ. ಮೊದಲು ಬಂದವರು ಹೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಹೀಗೆ ಮಾಡೋಣ. ಕೊಳ್ಳುವ ಉದ್ದೇಶ ಇಲ್ಲದ ಇಬ್ಬರು ಹೋಗಿ ಪ್ರತಿ ವಸ್ತುವಿನ ಪಟ್ಟಿ ಮಾಡಲಿ. ಮಾಡೆಲ್, ಸ್ಥಿತಿ, ಇವತ್ತಿಗೆ ಎಷ್ಟು ಬೆಲೆ ಬಾಳಬಹುದು, ಎಲ್ಲ ಬರೆದು ಮನೆಯವರ ಕೈಗೆ ಕೊಡಲಿ. ಇಟ್ಟುಕೊಳ್ಳುವುದೋ ಕೊಡುವುದೋ ಅವರು ನಿಧಾನಕ್ಕೆ ತೀರ್ಮಾನ ಮಾಡಲಿ. ಟ್ರಾನ್ಸ್‌ಮಿಟರ್ ಇರುವ ಯಾವ ಸಾಮಾನೂ ಲೈಸೆನ್ಸ್ ಇರುವವರಿಗೆ ಮಾತ್ರ, ಅದೂ ಕಾಗದ ಪತ್ರ ಮಾಡಿಯೇ ಹೋಗಬೇಕು. ಅವರ ಲೈಸೆನ್ಸ್ ಫೈಲ್ ಜೋಪಾನವಾಗಿ ಇಡಲು ಹೇಳಿ.

ಅದಕ್ಕಿಂತ ಮೊದಲು ಸುರಕ್ಷತೆ. ಆ ವಾಲ್ವ್ ಲೀನಿಯರ್ ಒಳಗೆ ಎರಡು ಸಾವಿರಕ್ಕಿಂತ ಜಾಸ್ತಿ ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಮನೆಯವರು ಧೂಳು ಒರೆಸಲೆಂದು ಕೂಡ ಅದರ ಮುಚ್ಚಳ ತೆಗೆಯಬಾರದು. ಬ್ಯಾಟರಿ ಚಾರ್ಜರ್ ಆನ್ ಇದ್ದರೆ ಆಫ್ ಮಾಡಬೇಕು. ಸಿಡಿಲಿನ ಕಾಲ ಬರುವ ಮೊದಲು ಆಂಟೆನಾ ಕೋಆಕ್ಸ್ ಕಳಚಿ ಹೊರಗೆ ಇಡಬೇಕು. ತಾಮ್ರದ ತಂತಿ ಸರ್, ನಿಮ್ಮ ಮನೆ ಹತ್ತಿರ. ನೀವು ಹೋಗುತ್ತೀರಾ?

ತಾಮ್ರದ ತಂತಿ:
ಖಂಡಿತ. ನಾಳೆ ಸಂಜೆ ಫೋನ್ ಮಾಡಿ, ಅನುಕೂಲ ಕೇಳಿಕೊಂಡು ಹೋಗುತ್ತೇನೆ. ನಾನು ಏನನ್ನೂ ಕೊಳ್ಳುವವನಲ್ಲ.

ವಾಲ್ವ್ ಪ್ರೇಮಿ:
ಸರಿ ಸರ್, ಇದೇ ಒಳ್ಳೆಯ ದಾರಿ. ಪಟ್ಟಿ ಮಾಡಲು ಇನ್ನೊಬ್ಬರು ಬೇಕಾದರೆ ಹೇಳಿ, ವಾಲ್ವ್ ಸಾಮಾನಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಹಾಗೆ ಬಂದರೆ ಕೊಳ್ಳುವ ಮಾತು ಬಿಟ್ಟೇ ಬರುತ್ತೇನೆ.

ಮಗಳು:
ನಮಸ್ಕಾರ. ನಾನು ಅವರ ಮಗಳು. ನಿಮ್ಮ ಕ್ಲಬ್‌ನವರೊಬ್ಬರು ಈ ಕೊಂಡಿ ಕಳಿಸಿದರು. ಎಲ್ಲವನ್ನೂ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಆ ಡೈಪೋಲ್ ಕಥೆ ಕೇಳಿ ಅಮ್ಮ "ಮನೆ ನಲ್ಲಿ ರಿಪೇರಿಗೂ ಹೀಗೇ ಮಾಡುತ್ತಿದ್ದರು" ಅಂದರು. ಇಷ್ಟು ದಿನದಲ್ಲಿ ಅವರು ನಕ್ಕಿದ್ದು ಆಗಲೇ.

ಅಪ್ಪ ಆ ಕೋಣೆಯಲ್ಲಿ ಏನು ಮಾಡುತ್ತಿದ್ದರು ಅಂತ ನಮಗೆ ಅರ್ಧಂಬರ್ಧ ಗೊತ್ತಿತ್ತು. ಬೆಳಿಗ್ಗೆ ಟಿಕ್ ಟಿಕ್ ಸದ್ದು ಬಂದರೆ ಅಪ್ಪ ಎದ್ದಿದ್ದಾರೆ ಅಂತ ಅರ್ಥ, ಅಷ್ಟೇ. ಇಷ್ಟು ಜನ ಆ ಕಡೆ ಇದ್ದರು ಅಂತ ಗೊತ್ತಿರಲಿಲ್ಲ. ಕೇಳುತ್ತಾ ಬರೆದುಕೊಳ್ಳುತ್ತಿದ್ದ ಆ ಹೊಸಬರಿಗೆ ಅಮ್ಮ ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ.

ಎರಡು ವಿಷಯ ಕೇಳಬೇಕಿತ್ತು. ಒಂದು, ಅಪ್ಪನ ಲಾಗ್ ಪುಸ್ತಕಗಳಲ್ಲಿ ದಿನವೂ 0130, 0200 ಅಂತ ಸಮಯ ಬರೆದಿದ್ದಾರೆ. ರಾತ್ರಿ ಒಂದೂವರೆಗೆ ಎದ್ದಿರುತ್ತಿದ್ದರಾ? ಹಾಗಿದ್ದರೆ ನಿದ್ದೆಗೆಟ್ಟು ಹೀಗಾಯಿತಾ ಅಂತ ಅಮ್ಮನಿಗೆ ಮನಸ್ಸಿನಲ್ಲಿ ಕೊರೆಯುತ್ತಿದೆ. ಎರಡು, ಒಂದು ಚಪ್ಪಲಿ ಡಬ್ಬಿ ತುಂಬಾ ಬೇರೆ ದೇಶದ ಕಾರ್ಡುಗಳಿವೆ. ಮೇಲೆ "ಉತ್ತರ ಬಾಕಿ" ಅಂತ ಅಪ್ಪನ ಅಕ್ಷರ. ಇವನ್ನು ಏನು ಮಾಡಲಿ?

ಇಪ್ಪತ್ತು ಮೀಟರ್:
ಅಮ್ಮಾ, ಮೊದಲು ತಾಯಿಯವರಿಗೆ ಹೇಳಿ, ಅವರು ನಿದ್ದೆಗೆಡುತ್ತಿರಲಿಲ್ಲ. ಹ್ಯಾಮ್‌ಗಳು ಲಾಗ್‌ನಲ್ಲಿ ಪ್ರಪಂಚಕ್ಕೆಲ್ಲ ಒಂದೇ ಆಗುವ ಯುಟಿಸಿ ಸಮಯ ಬರೆಯುತ್ತಾರೆ. ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ಗಂಟೆ ಹಿಂದೆ. 0130 ಅಂದರೆ ನಮ್ಮ ಬೆಳಿಗ್ಗೆ ಏಳು ಗಂಟೆ. ಅದು ನಮ್ಮ ನೆಟ್ ಶುರುವಾಗುವ ಹೊತ್ತು. 0200 ಅಂದರೆ ಏಳೂವರೆ, ನಿಧಾನ ಮೋರ್ಸ್ ಶುರು ಮಾಡುತ್ತಿದ್ದ ಹೊತ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದೇ ಬರುತ್ತಿದ್ದರು.

ಮಗಳು:
ತುಂಬಾ ಥ್ಯಾಂಕ್ಸ್ ಅಂಕಲ್. ಅಮ್ಮನಿಗೆ ಈಗಲೇ ಹೇಳಿದೆ. ಬಹಳ ದೊಡ್ಡ ಭಾರ ಇಳಿಯಿತು.

ಲಾಗ್‌ನಲ್ಲಿ ಇನ್ನೊಂದು ನೋಡಿದೆ. ಕೆಲವು ಕಾಲ್‌ಸೈನ್ ಪಕ್ಕ ಪೆನ್ಸಿಲ್‌ನಲ್ಲಿ ಚಿಕ್ಕದಾಗಿ "ಮೊದಲನೇದು" ಅಂತ ಬರೆದಿದ್ದಾರೆ. ಕೆಲವದರ ಪಕ್ಕ "ಎಫ್, ಎಲ್ ತಡವರಿಕೆ", "ಕೈ ನಡುಗುತ್ತಿದೆ, ನಿಧಾನ", "ಇವತ್ತು ಚೆನ್ನಾಗಿತ್ತು" ಅಂತೆಲ್ಲ ಇದೆ. ಇದೂ ಲಾಗ್‌ನಲ್ಲಿ ಬರೆಯಬೇಕಾದ್ದಾ?

ಡಿಟ್‌ಡಾ:
ಇಲ್ಲ ತಂಗಿ. ಲಾಗ್‌ಗೆ ಬೇಕಾದ್ದು ದಿನ, ಸಮಯ, ಫ್ರೀಕ್ವೆನ್ಸಿ, ಕಾಲ್‌ಸೈನ್, ಸಿಗ್ನಲ್ ರಿಪೋರ್ಟ್, ಇಷ್ಟೇ. ಅದು ಅವರ ಪಾಠದ ಟಿಪ್ಪಣಿ. ಎಫ್ ಮತ್ತು ಎಲ್ ತಡವರಿಸುತ್ತಿದ್ದದ್ದು ನಾನೇ ಇರಬೇಕು. ಡಿಡಿಡಾಡಿ, ಡಿಡಾಡಿಡಿ, ಎರಡೂ ಕಲಸಿ ಹೋಗುತ್ತಿತ್ತು. ಮಾರನೇ ದಿನ ಅವರು ಕಳಿಸಿದ ವಾಕ್ಯದ ತುಂಬಾ ಎಫ್, ಎಲ್ ಇರುವ ಪದಗಳೇ ಇರುತ್ತಿದ್ದವು. ಆಕಸ್ಮಿಕ ಅಂದುಕೊಂಡಿದ್ದೆ. ಇಷ್ಟು ವರ್ಷ.

ಬೆಳಗಿನ ನೆಟ್:
ಆ ಕಾರ್ಡುಗಳ ವಿಷಯ. ಅವು ಕ್ಯೂಎಸ್‌ಎಲ್ ಕಾರ್ಡ್. ರೇಡಿಯೋದಲ್ಲಿ ಮಾತಾಡಿದ್ದು ನಿಜ ಅಂತ ಇಬ್ಬರೂ ಪರಸ್ಪರ ಕಳಿಸುವ ದೃಢೀಕರಣ. ಕಳಿಸಿದವರು ಉತ್ತರಕ್ಕೆ ಕಾಯುತ್ತಿರುತ್ತಾರೆ, ಕೆಲವರಿಗೆ ಅದು ಪ್ರಶಸ್ತಿಗೆ ಬೇಕಾದ ದೇಶದ ಲೆಕ್ಕ. ಕಾರ್ಡು ಒಟ್ಟು ಮಾಡಿ ಹಂಚುವ ಬ್ಯೂರೋ ಮೂಲಕ ಬರುವ ಕಾರ್ಡುಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗುತ್ತವೆ, ಹಾಗಾಗಿ ಇನ್ನೂ ಬರುತ್ತಲೇ ಇರುತ್ತವೆ. ಬಂದಾಗ ಗಾಬರಿ ಆಗಬೇಡಿ. ಎಸೆಯಲೂ ಬೇಡಿ.

ನನ್ನ ಸಲಹೆ ಇದು. ಡಬ್ಬಿಯೂ ಲಾಗ್ ಪುಸ್ತಕದ ಫೋಟೋಗಳೂ ನಮ್ಮ ಕೈಗೆ ಬರಲಿ, ಮೂಲ ಪುಸ್ತಕಗಳು ನಿಮ್ಮ ಮನೆಯಲ್ಲೇ ಇರಲಿ. ಪ್ರತಿ ಕಾರ್ಡನ್ನೂ ಲಾಗ್ ಜೊತೆ ತಾಳೆ ನೋಡಿ, ಅವರದೇ ಖಾಲಿ ಕಾರ್ಡು ಉಳಿದಿದ್ದರೆ ಅದರಲ್ಲಿ ತುಂಬಿ, "ಲಾಗ್ ನೋಡಿ ಖಚಿತಪಡಿಸಲಾಗಿದೆ, ಆಪರೇಟರ್ ಈಗ ಸೈಲೆಂಟ್ ಕೀ" ಅಂತ ಬರೆದು, ಬರೆದವರು ತಮ್ಮ ಕಾಲ್‌ಸೈನ್ ಹಾಕಬೇಕು. ಅವರ ಸಹಿಯನ್ನು ಯಾರೂ ಹಾಕಬಾರದು. ಇದು ಬೇಗ ಮುಗಿಯುವ ಕೆಲಸ ಅಲ್ಲ, ಆದರೆ ಅವರು ಬಾಕಿ ಅಂತ ತಾವೇ ಬರೆದಿಟ್ಟ ಕೆಲಸ. ಉಳಿದ ಯಾವುದೇ ಸ್ಮಾರಕಕ್ಕಿಂತ ಮೊದಲು ಇದು ಮುಗಿಯಬೇಕು ಅಂತ ನನಗೆ ಅನ್ನಿಸುತ್ತದೆ.

ಟೆರೇಸ್ ಸ್ಟೇಷನ್:
ಕಾರ್ಡು ಬರೆಯಲು ನಾನಿದ್ದೇನೆ. ಆದರೆ ಒಂದು ಮಾತು. ಅವರ ಹೆಸರಿನಲ್ಲಿ ವರ್ಷಕ್ಕೊಂದು ಕಾಂಟೆಸ್ಟ್, ಒಂದು ಫಲಕ ಇಡಬಾರದಾ? ಹೊಸ ಹುಡುಗರಿಗೆ ಅವರ ಹೆಸರು ಗೊತ್ತಾಗಬೇಕಲ್ಲ. ಅಮೆರಿಕದಲ್ಲಿ ಹ್ಯಾಮ್ ತೀರಿಕೊಂಡರೆ ಎರಡು ವರ್ಷ ಆ ಕಾಲ್‌ಸೈನ್ ಬೇರೆಯವರಿಗೆ ಕೊಡುವುದಿಲ್ಲ, ಹತ್ತಿರದ ಸಂಬಂಧಿಕರು ಅಥವಾ ಅವರ ಒಪ್ಪಿಗೆ ಪಡೆದ ಕ್ಲಬ್ ಮಾತ್ರ ಕೇಳಬಹುದು. ಅಲ್ಲಿ ಎಷ್ಟೋ ಕ್ಲಬ್ ಸ್ಟೇಷನ್‌ಗಳು ಹಳೆಯ ಸದಸ್ಯರ ಕಾಲ್‌ಸೈನ್‌ನಲ್ಲೇ ನಡೆಯುತ್ತಿವೆ. ನಾವೂ ಏನಾದರೂ ಎದ್ದು ಕಾಣುವಂಥದ್ದು ಮಾಡಬೇಕು.

ನಲವತ್ತು ಮೀಟರ್:
ಕಾಂಟೆಸ್ಟ್ ಅಂದರೆ ವೇಗ. ಮೇಷ್ಟ್ರ ಹೆಸರಿಗೆ ವೇಗದ ಸ್ಪರ್ಧೆ ಹೊಂದುವುದಿಲ್ಲ.

ಟೆರೇಸ್ ಸ್ಟೇಷನ್:
ನಿಧಾನದ ಸ್ಪರ್ಧೆ ಇಡೋಣ. ಹತ್ತು ಪದಕ್ಕಿಂತ ಮೇಲೆ ಹೋದರೆ ಅಂಕ ಇಲ್ಲ. ಈಚೆಗಷ್ಟೇ ಜನರಲ್ ಗ್ರೇಡ್ ಬಂದ ಹೊಸಬರ ಜೊತೆ ಮಾಡಿದ ಕ್ಯೂಎಸ್‌ಓಗೆ ಎರಡರಷ್ಟು ಅಂಕ, ಕೇಳಿ ಬರೆದು ಕಳಿಸಿದವರಿಗೂ ಅಂಕ.

ಡಿಟ್‌ಡಾ:
ಇದು ಚೆನ್ನಾಗಿದೆ. ಕೇಳುವವರಿಗೂ ಅಂಕ ಅನ್ನುವುದು ಬಹಳ ಚೆನ್ನಾಗಿದೆ.

ಬೆಳಗಿನ ನೆಟ್:
ನನಗೂ ಒಪ್ಪಿಗೆ. ಆದರೆ ವರ್ಷಕ್ಕೆ ಒಂದು ದಿನದ ಕೆಲಸ ಅದು. ಅವರು ಮಾಡುತ್ತಿದ್ದದ್ದು ದಿನಾ. ಫಲಕ ಗೋಡೆ ಮೇಲೆ ಇದ್ದು, ಬೆಳಿಗ್ಗೆ ಏಳೂವರೆಗೆ ಆ ಫ್ರೀಕ್ವೆನ್ಸಿ ಖಾಲಿ ಬಿದ್ದಿದ್ದರೆ ಏನು ಬಂತು? ಹೊಸ ವಿಯು3 ಬರೆದದ್ದನ್ನು ಇನ್ನೊಮ್ಮೆ ಓದಿ. ಅಂಥವರು ಇನ್ನೂ ಎಷ್ಟು ಜನ ಇದ್ದಾರೋ. ಈ ವಾರ ಅವರೆಲ್ಲ ರೇಡಿಯೋ ಹಾಕಿ, ಏನೂ ಕೇಳಿಸದೆ, ಬ್ಯಾಂಡ್ ಸರಿ ಇಲ್ಲ ಅಂದುಕೊಂಡು ಆರಿಸಿರುತ್ತಾರೆ.

ಅದಕ್ಕೆ ಎರಡು ಹಂತ. ಈ ಭಾನುವಾರ ಏಳು ಗಂಟೆಗೆ ನೆಟ್ ಇರುತ್ತದೆ, ಆದರೆ ಮಾಮೂಲಿ ಹರಟೆ ಇರುವುದಿಲ್ಲ. ಎಲ್ಲರ ಚೆಕ್ ಇನ್ ಆದ ಮೇಲೆ ನೆಟ್ ಕಂಟ್ರೋಲ್ (ನೆಟ್ ನಡೆಸುವವರು) ಮೇಷ್ಟ್ರ ಕಾಲ್‌ಸೈನ್ ಅನ್ನು ಮೋರ್ಸ್‌ನಲ್ಲಿ ಮೂರು ಸಲ ಕರೆಯುತ್ತಾರೆ. ಒಂದು ನಿಮಿಷ ಯಾರೂ ಕ್ಯಾರಿಯರ್ (ಖಾಲಿ ಸಿಗ್ನಲ್) ಹಾಕಬೇಡಿ, ಟ್ಯೂನ್ ಮಾಡಬೇಡಿ. ಆಮೇಲೆ 73 (ಶುಭ ಹಾರೈಕೆ), ಮತ್ತೆ ಎಸ್‌ಕೆ (ಮಾತು ಮುಗಿಯಿತು ಅನ್ನುವ ಸಂಕೇತ). ಡಿಡಿಡಿಡಾಡಿಡಾ. ಇಪ್ಪತ್ತು ಮೀಟರ್ ಸರ್ ಕೀ ಹಿಡಿಯಲಿ, ಅವರೇ ಹಿರಿಯರು.

ಎರಡನೇದು, ಸೋಮವಾರದಿಂದ ಏಳೂವರೆಗೆ ದಿನಕ್ಕೊಬ್ಬರು ನಿಧಾನ ಸಿಕ್ಯೂ. ಅದೇ ಫ್ರೀಕ್ವೆನ್ಸಿ, ಅದೇ ಹೊತ್ತು, ಅರ್ಧ ಗಂಟೆ. ಎಂಟು ಪದಕ್ಕಿಂತ ಮೇಲೆ ಬೇಡ. ಯಾರಾದರೂ ಉತ್ತರ ಕೊಟ್ಟರೆ ಅವರ ವೇಗಕ್ಕೆ ಇಳಿಯಬೇಕು. ಯಾರೂ ಬರದಿದ್ದರೂ ಅರ್ಧ ಗಂಟೆ ಪೂರ್ತಿ ಮಾಡಬೇಕು.

ಇಪ್ಪತ್ತು ಮೀಟರ್:
ಭಾನುವಾರ ನಾನು ಮಾಡುತ್ತೇನೆ. ಸ್ಟ್ರೇಟ್ ಕೀಯಲ್ಲೇ. ಸೋಮವಾರದ ಸಿಕ್ಯೂ ಕೂಡ ನನಗಿರಲಿ.

ಮಗಳು:
ಭಾನುವಾರದ್ದನ್ನು ಅಮ್ಮ ಕೇಳಬಹುದಾ? ಅಪ್ಪನ ಸೆಟ್ ಮುಟ್ಟಲು ನಮಗೆ ಭಯ.

ತಾಮ್ರದ ತಂತಿ:
ಅದನ್ನು ಮುಟ್ಟುವುದು ಬೇಡ ತಾಯಿ. ಟ್ರಾನ್ಸ್‌ಮಿಟ್ ಮಾಡಲಾಗದ ಒಂದು ಶಾರ್ಟ್‌ವೇವ್ ರಿಸೀವರ್ ನನ್ನ ಹತ್ತಿರ ಇದೆ, ಎಸ್‌ಎಸ್‌ಬಿ (ಹ್ಯಾಮ್‌ಗಳ ಮಾತು), ಮೋರ್ಸ್ ಎರಡೂ ಕೇಳಿಸುತ್ತದೆ. ಬೆಳಿಗ್ಗೆ ಆರೂವರೆಗೆ ತೆಗೆದುಕೊಂಡು ಬರುತ್ತೇನೆ, ಅಪ್ಪ ಕಟ್ಟಿದ ಡೈಪೋಲ್‌ಗೇ ಜೋಡಿಸಿ ಕೊಡುತ್ತೇನೆ. ಸೂರ್ಯ ಮೇಲೆ ಬಂದ ಮೇಲೆ ನಲವತ್ತು ಮೀಟರ್‌ನಲ್ಲಿ ನಮ್ಮ ನೂರಾರು ಕಿಲೋಮೀಟರ್ ಒಳಗಿನ ಸ್ಟೇಷನ್‌ಗಳು ಚೆನ್ನಾಗಿ ಬರುತ್ತವೆ. ಯಾರು ಕರೆಯುತ್ತಿದ್ದಾರೆ ಅಂತ ನಾನು ಪಕ್ಕದಲ್ಲಿ ಕೂತು ತಾಯಿಯವರಿಗೆ ಹೇಳುತ್ತೇನೆ. ಆ ಕಾರ್ಡುಗಳ ಡಬ್ಬಿಯನ್ನೂ ಅವತ್ತೇ ತೆಗೆದುಕೊಂಡು ಹೋಗುತ್ತೇನೆ.

ಮಗಳು:
ಸರಿ ಅಂಕಲ್. ಬನ್ನಿ, ಅಮ್ಮ ಕಾಯುತ್ತಿರುತ್ತಾರೆ.

ಡಿಟ್‌ಡಾ:
ಮಂಗಳವಾರ ನನ್ನದು.

ಟೆರೇಸ್ ಸ್ಟೇಷನ್:
ಬುಧವಾರ ನಾನು. ದಿಕ್ಸೂಚಿ ಹುಡುಗಿ ಶುಕ್ರವಾರ ತೆಗೆದುಕೊಂಡಿದ್ದಾಳೆ, ಈಗಷ್ಟೇ ಮೆಸೇಜ್ ಹಾಕಿದಳು.

ನಲವತ್ತು ಮೀಟರ್:
ಶನಿವಾರ ನನಗೆ ಹಾಕಿ.

ಬೆಳಗಿನ ನೆಟ್:
ಬರೆದುಕೊಂಡೆ. ಗುರುವಾರ ಒಂದು ಖಾಲಿ ಇದೆ. ಯಾರೂ ಇಲ್ಲದಿದ್ದರೆ ನಾನು ಮಾಡುತ್ತೇನೆ.

ಹೊಸ ವಿಯು3:
ಸರ್, ಜನರಲ್ ಗ್ರೇಡ್ ಬರುವ ತನಕ ನಾನು ಕರೆಯುವ ಹಾಗಿಲ್ಲ. ಆದರೆ ಗುರುವಾರ ನೀವು ಕರೆದದ್ದನ್ನು ಪೂರ್ತಿ ಕೇಳಿ ಬರೆದು, ಏಳು ಐವತ್ತೈದಕ್ಕೆಲ್ಲ ಇಲ್ಲಿ ಹಾಕುತ್ತೇನೆ. ಎಲ್ಲಿ ತಪ್ಪಿದೆ ಅಂತ ನೋಡಿ ಹೇಳುತ್ತೀರಾ?

ಬೆಳಗಿನ ನೆಟ್:
ಆಗಲಿ ತಮ್ಮಾ. ಎಂಟು ಗಂಟೆವರೆಗೂ ಕರೆಯುತ್ತಿರುತ್ತೇನೆ, ಪೂರ್ತಿ ಬರೆದೇ ಹಾಕಿ. ಯಾವ ಅಕ್ಷರ ತಡವರಿಸುತ್ತದೆ ಅಂತಲೂ ಪಕ್ಕದಲ್ಲಿ ಗುರುತು ಹಾಕಿ, ಶುಕ್ರವಾರದವಳಿಗೆ ಹೇಳಿ ಕಳಿಸುತ್ತೇನೆ.